ಅವ್ವನ ಫೋಟೊ ದೊಡ್ಡದು ಮಾಡದ ಪ್ರೆಸ್ ಮಾಲಕರು

ಹಾಳೆಯ ಹೊಸ ಕಟ್ಟು ಬಿಚ್ಚಿದ ಕೂಡಲೇ ಅವರು ಮೇಲಿನದೊಂದನ್ನು ಎತ್ತಿ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ಹಸಿ ಇದ್ದರೆ ಲೇಸರ್ ಯಂತ್ರದೊಳಗೆ ಹಾಳೆ ಸುರುಳಿಯಾಗಿ ಸಿಕ್ಕಿಕೊಳ್ಳುತ್ತದೆ. ಅವರ ನರೆಗಡ್ಡದ ಮೇಲೆ ಸದಾ ಕಾಗದದ ಧೂಳು.

ಇಚಲಕರಂಜಿಯಲ್ಲಿ ಅವರದು ಡಿಜಿಟಲ್ ಪ್ರೆಸ್ಸು. ಹತ್ತು ಪ್ರತಿ ಬೇಕೆಂದರೆ ಹತ್ತೇ. ಬೇಕೆಂದರೆ ಒಂದೊಂದರ ಮೇಲೂ ಬೇರೆ ಹೆಸರು ಅಚ್ಚು ಮಾಡುತ್ತಿದ್ದರು. ಮಗ್ಗದ ಕೂಲಿ ಬಿಟ್ಟು ಸೀರೆ ವ್ಯಾಪಾರಕ್ಕಿಳಿದ ನಾನು ಕ್ಯಾಟಲಾಗು ಮಾಡಿಸಲು ಹೋಗಿ, ಚೌಕಾಸಿ ಮಾಡುತ್ತಲೇ ಅವರಿಗೆ ಗೆಳೆಯನಾದೆ.

"ಸಾವಿರ ಒಮ್ಮೆಲೆ ಹೊಡೀರಿ ಮಾಲಕ್ರ, ಸೋವಿ ಬೀಳತೈತಿ" ಎಂದು ಉಪದೇಶ ಮಾಡಿದರೆ, "ಉಳದದ್ದನ್ನ ಯಾರಿಗೆ ಉಡಸ್ತೀರಿ ಶೇಠ?" ಎನ್ನುತ್ತಿದ್ದರು.

ಅವ್ವ ತೀರಿಕೊಂಡಾಗ ದಿವಸಕ್ಕೆ ಬಂದವರಿಗೆ ಹಂಚಲು ಅವಳ ಬೀಸುವ ಹಾಡುಗಳ ಪುಸ್ತಿಕೆ ಮಾಡಿಸಹೋದೆ. ಪ್ರತಿಯೊಂದರ ಮೇಲೂ ಪಡೆಯುವವರ ಹೆಸರು, ಮುಖಪುಟದ ತುಂಬ ಅವ್ವನ ಮುಖ ಬೇಕೆಂದೆ. ಫೋಟೊ ಎಂದರೆ ಸೆರಗು ಎಳೆದುಕೊಳ್ಳುತ್ತಿದ್ದ ಅವ್ವನದು ಉಳಿದದ್ದು ಆಧಾರ್ ಕಾರ್ಡಿನ ಚಿತ್ರವೊಂದೇ. ಅವರು ಅದನ್ನೇ ಕಂಪ್ಯೂಟರಿನಲ್ಲಿ ಹಿಗ್ಗಿಸಿ, ತಿದ್ದಿ, ಬಿಸಿ ಹಾಳೆ ಕೈಗಿಟ್ಟರು.

ಗಡಹಿಂಗ್ಲಜದಿಂದ ಬಂದಿದ್ದ ತಂಗಿ ನೋಡಿ, "ಈಕಿ ಯಾರ ಅಣ್ಣಾ?" ಎಂದಳು.

"ನಡೀತೈತಿ, ಹೊಡೀರಿ ಮಾಲಕ್ರ. ಯಾರು ಗುರುತ ಹಿಡೀತಾರ?" ಎಂದೆ.

ಅವರು ಹಾಳೆ ಮಡಚಿದರು. "ಕಾರ್ಡಿನ್ಯಾಗ ಇಲ್ಲದ್ದನ್ನ ಮಶೀನ ತನ್ನ ಮನಸಿಗೆ ಬಂದಂಗ ತುಂಬೈತ್ರಿ. ಇದನ್ನ ಹಂಚಿದ್ರ ನಾಳೆ ನಿಮಗೂ ಇದs ಮಾರಿ ನೆನಪಿಗೆ ಬರತೈತಿ."

"ಡಬಲ್ ರೇಟ್ ತಗೋರಿ, ಅವ್ವನ್ನ ತಂದು ಕೊಡ್ರಿ."

"ಎಲ್ಲಿಂದ ತರ್ಲಿ ಶೇಠ?" ಅವರ ದನಿ ಒಡೆಯಿತು.

ಕೊನೆಗೆ ಬಿಳಿ ಪುಟದ ನಡುವೆ, ಕಾರ್ಡಿನಲ್ಲಿದ್ದ ಹಾಗೇ, ಹೆಬ್ಬೆರಳಿನಷ್ಟೇ ಚಿತ್ರ ಅಚ್ಚಾಯಿತು.

ಕಳೆದ ಮಳೆಗಾಲ, ಕೊಲ್ಹಾಪುರದ ಆಸ್ಪತ್ರೆಯಲ್ಲಿ, ಅವರೂ ಹೋದರು. ಬಿಲ್ಲನ್ನು ನಾನು ಇಳಿಸಬಲ್ಲವನಾಗಿದ್ದೆ. ಉಸಿರಿನ ಹತ್ತಿರ ನನ್ನ ಚೌಕಾಸಿ ನಡೆಯಲಿಲ್ಲ.

ಪ್ರೆಸ್ಸು ಈಗ ಮಗನದು. ಮೊನ್ನೆ ಅವನೇ, "ಕಾಕಾ, ಹೊಸಾ ಸಾಫ್ಟವೇರ ಬಂದೈತಿ. ನಿಮ್ಮ ಅವ್ವಂದು ಫೋಟೊ ತರ್ರಿ, ಕ್ಲಿಯರ್ ಮಾಡಿ ಕೊಡತೇನಿ" ಎಂದ.

ತಂಗಿಗೆ ಫೋನು ಮಾಡಿದೆ. "ಅವ್ವನ ಮಾರಿ ನಿನಗ ನೆನಪೈತೇನs?"

"ಖರೇ ಹೇಳ್ಲಿ ಅಣ್ಣಾ? ಈಗೀಗ ಸರೀ ಬರವಲ್ದು."

ಓದುವವರಿಗೆ ನನ್ನದೊಂದು ಸಲಹೆ: ಅವ್ವ ಬೇಡವೆಂದರೂ ಇವತ್ತೇ ಅವಳದೊಂದು ಫೋಟೊ ತೆಗೆದಿಡಿ.

ಹುಡುಗನಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಅವನ ಅಪ್ಪ ಇದ್ದಿದ್ದರೆ ಬೇಡ ಎಂದುಬಿಡುತ್ತಿದ್ದರು. ಹಾಗೆನ್ನಲು ನನಗೆ ಮನಸ್ಸು ಬರುತ್ತಿಲ್ಲ. ಹೂಂ ಎಂದರೋ, ಹಾಳೆಯ ಮೇಲೆ ಬಂದವಳು ಅವ್ವನೇ ಹೌದೋ ಅಲ್ಲವೋ ಹೇಳಲು ಈಗ ಯಾರೂ ಉಳಿದಿಲ್ಲ, ನಾನೂ ಸಹ.