ಮೆಕ್ಕೆಜೋಳದ ಹಾವಿನ ಕುಲಗೋತ್ರ

ನನ್ನ ಗಂಡ ಹಾವಿನ ಜೊತೆ ಮಾತಾಡುತ್ತಾರೆ. ದೂರು ಹೇಳುತ್ತಿಲ್ಲ, ನನ್ನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು, ಯಾರ ಜೊತೆಗಾದರೂ ಶುರುವಾಯಿತಲ್ಲ ಎಂಬ ಸಮಾಧಾನ.

ಜಗಳವೇನೂ ಇರಲಿಲ್ಲ. ಮೆಕ್ಕೆಜೋಳದ ದಲಾಲಿ ಅಂಗಡಿಯನ್ನು ತಮ್ಮನಿಗೆ ವಹಿಸಿ ಮನೆಯಲ್ಲಿ ಕೂತ ಮೇಲೆ ಅವರ ಮಾತು 'ಹೂಂ', 'ಊಹೂಂ' ಎರಡಕ್ಕೆ ಇಳಿದಿತ್ತು, ಅಷ್ಟೆ. ಆಗ ಎಸ್.ಎಸ್. ಬಡಾವಣೆಯ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಡೆಂಟಲ್ ವಿದ್ಯಾರ್ಥಿನಿ ಕೋರ್ಸು ಮುಗಿಸಿ ಹೊರಟಳು. ಬೇರೆಯವರು ಬಕೆಟ್ಟು, ಪೊರಕೆ ಬಿಟ್ಟುಹೋಗುತ್ತಾರೆ; ಇವಳು ಗಾಜಿನ ಪೆಟ್ಟಿಗೆಯಲ್ಲಿ ಕಿತ್ತಳೆ ಬಣ್ಣದ, ಕೆಂಪು ಕಣ್ಣಿನ ಒಂದು ಹಾವನ್ನು ಬಿಟ್ಟುಹೋದಳು. ಹೆಸರು ಕಾರ್ನ್ ಸ್ನೇಕ್, ಅಂದರೆ ಮೆಕ್ಕೆಜೋಳದ ಹಾವು ಅಂತೆ, ಯಾರೋ ಸೀನಿಯರ್ ಕೊಟ್ಟಿದ್ದಂತೆ. ಅದರ ಜಾತಕವೆಲ್ಲ ಇಂಥ ಅಂತೆಕಂತೆಗಳೇ.

ಇವರು ಅದರ ಮುಂದೆ ಕುರ್ಚಿ ಹಾಕಿಕೊಂಡು ಮೆಕ್ಕೆಜೋಳದ ಧಾರಣೆ, ಮೊಣಕಾಲು ನೋವು, ತಮ್ಮನ ಮೇಲಿನ ಸಿಟ್ಟು, ನಾನು ಮಾಡಿದ ಸಾರು ನೀರಾದದ್ದು ಎಲ್ಲವನ್ನೂ ಹೇಳತೊಡಗಿದರು. ಹಾವಿಗೆ ಹೊರಕಿವಿ ಇಲ್ಲವೆಂದು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು ನಾನು. ಆದರೂ ತಿದ್ದಲು ಹೋಗಲಿಲ್ಲ. ಅಡುಗೆಮನೆಯಲ್ಲಿ ನನ್ನ ಕಿವಿ ಎರಡಿದ್ದವಲ್ಲ. ಗಂಡನ ಸುಖದುಃಖ ನನಗೆ ತಿಳಿಯುತ್ತಿದ್ದದ್ದು ಆ ಹಾವಿನ ದಯೆಯಿಂದ.

ಹೀಗಿರುವಾಗ ಪಕ್ಕದ ಮನೆಯಾಕೆ ಕಾನೂನು ಹೇಳಿದರು. ನಮ್ಮ ನಾಡಿನ ಹಾವಾದರೆ ಮನೆಯಲ್ಲಿಡುವುದು ಅಪರಾಧ, ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಪರದೇಶದ್ದಾದರೆ ಅರ್ಜಿ ಹಾಕಿ ಇಟ್ಟುಕೊಳ್ಳಬಹುದು. ಇದು ಬಣ್ಣಗೆಟ್ಟು ಹುಟ್ಟಿದ ನಮ್ಮ ಕೇರೆಹಾವೇ ಆಗಿದ್ದರೆ? ಹಳೆಯ ಪಠ್ಯಪುಸ್ತಕ ತೆಗೆದೆ. ಅದರಲ್ಲಿ ಹಾವುಗಳೆಲ್ಲ ಕಪ್ಪು-ಬಿಳುಪು. ಹದಿನೈದು ದಿನ ಭೂತಗನ್ನಡಿ ಹಿಡಿದು ಅದನ್ನು ನೋಡಿದೆ. ಅದೂ ನನ್ನನ್ನು ಅಷ್ಟೇ ಶ್ರದ್ಧೆಯಿಂದ ನೋಡಿತು. ಇಬ್ಬರಿಗೂ ಏನೂ ಗೊತ್ತಾಗಲಿಲ್ಲ.

ಕೊನೆಗೆ ಹರಿಹರದಿಂದ ಹಾವು ಹಿಡಿಯುವ ರುದ್ರಪ್ಪನವರನ್ನು ಕರೆಸಿದೆ. ಅವರು ಚಹಾ ಮುಗಿಸಿ, ಹಾವನ್ನೆತ್ತಿ ಹೊಟ್ಟೆ ಮೇಲೆ ಮಾಡಿದರು. ಬಿಳಿ, ಕಿತ್ತಳೆ ಚೌಕಗಳು ಸಾಲಾಗಿ ಕೂತಿದ್ದವು.

"ತೆನಿ ಕಾಳು ಜೋಡಿಸಿದಂಗೆ ಐತೆ ನೋಡ್ರಿ. ಅಮೆರಿಕದ್ದೇ ಇದು. ಮೈಯಾಗ ಕರಿ ಬಣ್ಣನೇ ಇಲ್ಲದ ತಳಿ, ಸಾಕೋರು ಬೆಳೆಸಿದ್ದು. ಇದರ ಅವ್ವ ಅಪ್ಪನೂ ಪೆಟ್ಟಿಗ್ಯಾಗೇ ಹುಟ್ಟಿರ್ತಾವ್ರಿ."

ಇವರು ಕುರ್ಚಿಯಿಂದ ಮುಂದೆ ಬಾಗಿದರು. "ಮೆಕ್ಕೆಜೋಳನೂ ಅಲ್ಲಿಂದನೇ ಬಂದಿದ್ದಲ್ರಿ. ನಲವತ್ತು ವರ್ಷ ತೂಗೀನಿ, ಯಾರೂ ಅದರ ಊರು ಕೇಳಲಿಲ್ಲ."

ಎರಡು ವರ್ಷದಲ್ಲಿ ಅವರು ಮನುಷ್ಯರಿಗೆ ಹೇಳಿದ ಅತಿ ಉದ್ದದ ಮಾತು ಅದು. ಹಾವು ಉಳಿಯಿತು ಅನ್ನುವುದಕ್ಕಿಂತ ಅದನ್ನು ಕೇಳಿ ನನಗೆ ಹೆಚ್ಚು ಖುಷಿಯಾಯಿತು.

ಸಂಜೆ ಬೀನ್ಸ್ ಹೆಚ್ಚುತ್ತಿದ್ದೆ. ಹಾಲ್‌ನಲ್ಲಿ ಹಾವಿಗೆ ವರದಿ ಒಪ್ಪಿಸುವುದು ನಡೆದಿತ್ತು.

"ನೀನು ಇಲ್ಲೇ ಇರ್ತೀಯಪ್ಪ, ಚಿಂತಿ ಬ್ಯಾಡ. ನಿನ್ನ ಕಳಸಬೇಕಾಗುತ್ತೇನೋ ಅಂತ ಅಕಿ ಹದಿನೈದು ದಿನದಿಂದ ಸರಿಯಾಗಿ ಉಂಡಿಲ್ಲ. ದಿನಾ ಅಡಿಗಿ ಮನ್ಯಾಗ ನಿಂತು ನಮ್ಮ ಮಾತು ಕೇಳ್ತಾಳೆ, ಕಾಲು ನೋಯಲ್ವಾ? ಇಲ್ಲೇ ಬಂದು ಕುಂತ್ರ ಏನಾಗುತ್ತಪ್ಪ?"

ಬೀನ್ಸ್ ಅರ್ಧಕ್ಕೇ ಬಿಟ್ಟು ಹೋಗಿ ಕೂತೆ.