ಬಾರ್ನಬನ ಮಾತು ಬಂದಾಗ

ಉಪದೇಶಿ ಯೋಹಾನಪ್ಪನವರ ಬಾಯಲ್ಲಿ ಸಂತ ಪೌಲ ನಮ್ಮ ಸೀಮೆಯವನೇ ಆಗಿಬಿಡುತ್ತಿದ್ದ. "ಕ್ರಿಸ್ತನ ಮಂದೀನ ಹಿಡದು ಜೇಲಿಗೆ ಹಾಕ್ಸಾಕ ಹೊಂಟಿದ್ನರೀ. ದಾರ್ಯಾಗ ಬೆಳಕು ಬಡೀತು, ಕಣ್ಣು ಹೋದ್ವು. ಕಣ್ಣೇನೋ ತಿರುಗಿ ಬಂದ್ವು, ಮನಷ್ಯಾನ ಬ್ಯಾರೆ ಆಗಿದ್ದ" ಎನ್ನುತ್ತಿದ್ದರು.

ಎಂಬತ್ತರ ದಶಕದಲ್ಲಿ ಮಸ್ಕಿಯ ಬಸ್ ನಿಲ್ದಾಣದ ಎದುರು ನನ್ನ ಹೊಲಿಗೆ ಅಂಗಡಿ. ಸುತ್ತಲ ಹಳ್ಳಿಗಳಿಗೆ ಬೋಧನೆಗೆ ಹೋಗುತ್ತಿದ್ದ ಯೋಹಾನಪ್ಪ ಬಸ್ಸು ಬರುವತನಕ ಅಲ್ಲೇ ಕೂರುತ್ತಿದ್ದರು. ಜೊತೆಗೆ ಹಲಗೆ ಬಾರಿಸುವ ದಾನಿಯೇಲಪ್ಪ, ಮುದಗಲ್ಲಿನವರು. ಹಿಂದೆ ಕುಡಿತಕ್ಕೆ ಬಿದ್ದ ಯೋಹಾನಪ್ಪನವರನ್ನು ಮನೆಯವರೇ ಹೊರಹಾಕಿದಾಗ, ಕರೆದು ಅನ್ನ ಹಾಕಿ, ಚರ್ಚಿನ ಸಭೆಯವರ ಮುಂದೆ ನಿಲ್ಲಿಸಿ "ಇವನ ಜವಾಬ್ದಾರಿ ನಂದು" ಎಂದವರು ಅವರೇ. ಪೌಲನ ಹಡಗು ಬಿರುಗಾಳಿಗೆ ಸಿಕ್ಕುವ ಕಥೆ ಬಂತೆಂದರೆ ಅವರ ಹಲಗೆಯಲ್ಲಿ ಸಮುದ್ರವೇ ಏಳುತ್ತಿತ್ತು. ದಢೇಸುಗೂರಿನಲ್ಲಿ ನಾಟಿ ಮುಗಿಸಿ ಬಂದ ಹೆಂಗಸರು ಕೆಸರುಗಾಲಲ್ಲೇ ನಿಂತು ಕೇಳುತ್ತಿದ್ದರಂತೆ.

ಒಂದು ಮಧ್ಯಾಹ್ನ ನನ್ನ ಅಂಗಡಿಯಲ್ಲೇ ಇಬ್ಬರಿಗೂ ಜಗಳವಾಯಿತು. ಮೊಹರಂಗೆ ಊರಲ್ಲಿ ಅಲಾಯಿಯ ಬೆಂಕಿಗುಂಡಿಯ ಮುಂದೆ ಹಲಗೆ ಬಾರಿಸುತ್ತೇನೆಂದು ದಾನಿಯೇಲಪ್ಪ ಹೇಳಿದ್ದೇ ನೆವ.

"ಸುವಾರ್ತೆ ಸಾರೋ ಕೈಲೆ ಅಲಾಯಿ ಮುಂದ ಬಾರಸ್ತೀಯೇನು?" ಎಂದರು ಯೋಹಾನಪ್ಪ.

"ನಮ್ಮಪ್ಪ ಬಾರಿಸ್ಯಾನ, ನಮ್ಮಜ್ಜ ಬಾರಿಸ್ಯಾನ. ಓಣಿ ಮಂದಿ ಕರದಾರ. ಅದಕ್ಕ ಯೇಸು ಸಿಟ್ಟಾಗ್ತಾನೇನಲೇ?"

"ಹಂಗಾದ್ರ ನನ್ನ ಜೋಡಿ ಬರಬ್ಯಾಡ."

ದಾನಿಯೇಲಪ್ಪ ಹಲಗೆ ಹೆಗಲಿಗೇರಿಸಿ ಲಿಂಗಸುಗೂರು ಬಸ್ಸು ಹತ್ತಿದರು.

ವರ್ಷಗಳು ಉರುಳಿದವು. ಯೋಹಾನಪ್ಪ ಒಬ್ಬರೇ ತಿರುಗಿದರು. "ಹಲಗಿ ಕಾಕಾ ಎಲ್ಲಿ?" ಎಂದು ಜನ ಕೇಳಿದರೆ "ಬರ್ತಾನ" ಎನ್ನುತ್ತಿದ್ದರು. ಹಡಗಿನ ಕಥೆ ಎರಡು ಮಾತಿನಲ್ಲಿ ಮುಗಿದುಹೋಗುತ್ತಿತ್ತು.

ಒಮ್ಮೆ ಅಂಗಡಿಯಲ್ಲಿ ಯೋಹಾನಪ್ಪನವರ ಬಾಯಲ್ಲಿ ಬಾರ್ನಬನ ಮಾತು ಬಂತು. "ಪೌಲನ್ನ ಯಾರೂ ನಂಬಲಾರದಾಗ ಕೈ ಹಿಡದು ಮಂದಿ ಮುಂದ ನಿಂದ್ರಿಸಿದಾವ ಬಾರ್ನಬ. ಮುಂದ ಇಬ್ರಿಗೂ ಜಗಳಾತು. ಅವಂದೊಂದು ದಾರಿ, ಇವಂದೊಂದು ದಾರಿ."

"ಮತ್ತ ಕೂಡಿದ್ರೇನ್ರಿ?" ಎಂದೆ.

"ಬೈಬಲ್‌ನ್ಯಾಗ ಬರದಿಲ್ಲರೀ" ಎಂದರು.

"ನೀವರ ಹೋಗಿ ಬರ್ರಿ. ಮುದಗಲ್ ಏನು ದೂರೈತಿ?"

ಮರುದಿನವೇ ಹೋದರು. ಸಂಜೆ ತಿರುಗಿ ಬಂದು ಬೆಂಚಿನ ಮೇಲೆ ಕೂತರು. ದಾನಿಯೇಲಪ್ಪ ಆ ಬೇಸಿಗೆಯಲ್ಲೇ ತೀರಿಕೊಂಡಿದ್ದರು. ಇಬ್ಬರಿಗೂ ವೈರವೆಂದು ತಿಳಿದು ಯಾರೂ ಇವರಿಗೆ ಹೇಳಿ ಕಳಿಸಿರಲಿಲ್ಲ.

"ಅವನ ಹೆಂಡ್ತಿ ಬೈತಾಳಂತ ಮಾಡಿದ್ದೆ. ಬೈಲಿಲ್ಲ. 'ಯಾರರ ಬಾಗಲಾ ಬಡದ್ರ, ಯೋಹಾನ ಬಂದಾನ ನೋಡು ಅಂತಿದ್ರು' ಅಂದ್ಲು. ಉಣ್ಣಾಕ ನೀಡಿದ್ಲು."

ಆಮೇಲೆ ನನ್ನನ್ನೇ ನೋಡುತ್ತ ಕೇಳಿದರು: "ಮತ್ತ ಕೂಡಿದ್ರೇನು ಅನ್ನೋ ಆ ಮಾತು ನೀವು ಬ್ಯಾಸಗಿ ಮೊದಲ ಕೇಳಬಾರದಿತ್ತೇನ್ರಿ?"

ಸಿಂಧನೂರು ಬಸ್ಸು ಬಂತು. ಎದ್ದು ಹತ್ತಿದರು. ಮತ್ತೆಂದೂ ಅವರು ಮಸ್ಕಿಯಲ್ಲಿ ಇಳಿದದ್ದನ್ನು ನಾನು ಕಾಣಲಿಲ್ಲ.