ಮೆಟ್ಟಿಲ ಬುಡದಲ್ಲೊಂದು ತೂಕದ ಯಂತ್ರ

ಚಾಮರಾಜಪೇಟೆಗೆ ಬಂದ ಮರುದಿನ ಬೆಳಿಗ್ಗೆ ಕೋಣೆಯಿಂದಿಳಿದು ಕೊನೆಯ ಮೆಟ್ಟಿಲು ದಾಟಿದೆ. ಎದುರು ಗೋಡೆಯ ಮೇಲೆ ಕೆಂಪು ಅಂಕಿ ಹೊತ್ತಿಕೊಂಡಿತು: ಐವತ್ತೆಂಟು. ಕಾಲ ಕೆಳಗಿದ್ದದ್ದು ನೆಲವಲ್ಲ, ಮೂಟೆ ತೂಗುವ ಯಂತ್ರ! ಕೆಳಗೆ ಗಂಗಣ್ಣನವರ ತೂಕದ ಯಂತ್ರಗಳ ವರ್ಕ್‌ಶಾಪು, ಮೇಲೆ ನನ್ನ ಕೋಣೆ, ಬೇರೆ ದಾರಿಯಿಲ್ಲ. ನಮ್ಮ ಗದಗಿನಲ್ಲಿ ಹೊಸ್ತಿಲು ದಾಟಿದರೆ ಅಂಗಳ, ಅಂಗಳ ದಾಟಿದರೆ ಬಯಲು. ಇಲ್ಲಿ ಹೊರಗೆ ಹೋಗಬೇಕಾದರೆ ತೂಗಿಸಿಕೊಂಡೇ ಹೋಗಬೇಕು.

ಒಂದು ತಿಂಗಳ ಕೆಲಸವೆಂದು ಬಂದವಳು ನಾನು. ಊರಿನಲ್ಲಿ ತಂಗಿ ಶಾಂತಾಳೊಡನೆ ಕಂಪ್ಯೂಟರ್ ಕ್ಲಾಸು ನಡೆಸುತ್ತೇನೆ. ಯಂತ್ರ ತೂಗಿದ್ದನ್ನು ಕಂಪ್ಯೂಟರಿಗೆ ಮುಟ್ಟಿಸುವ ಕೋಡನ್ನು ಗಂಗಣ್ಣನವರಿಗೆ ಬರೆದುಕೊಡಬೇಕಿತ್ತು. ಅವರ ಯಂತ್ರ ಕೊಂಡ ಒಂದು ಅಂಗಡಿಯ ಕಂಪ್ಯೂಟರು ನಡೆಯುವುದು ವಿಂಡೋಸ್ ವ್ಯವಸ್ಥೆಯಲ್ಲಿ, ಇನ್ನೊಂದರದು ಲಿನಕ್ಸಿನಲ್ಲಿ. ಎರಡರಲ್ಲೂ ಒಂದೇ ಕೋಡು ನಡೆಯಬೇಕು. ಮೇಲಿನ ಪದರವನ್ನು ಒಂದೇ ಇಟ್ಟು, ಆಯಾ ವ್ಯವಸ್ಥೆಯೊಡನೆ ವ್ಯವಹರಿಸುವ ತಳದ ಪದರವನ್ನಷ್ಟೇ ಬೇರೆ ಬೇರೆ ಮಾಡಿದೆ. ಸಿಕ್ಕಿಬಿದ್ದದ್ದು ಅಲ್ಲೇ. ಆ ತಳ ಗೊತ್ತಿದ್ದವಳು ನಾನೊಬ್ಬಳೇ. ಒಂದು ತಿಂಗಳು ಐದಾಯಿತು.

ಹೊರಡುತ್ತೇನೆಂದಾಗಲೆಲ್ಲ ಗಂಗಣ್ಣ, “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ, ಇನ್ನೊಂದ್ ಅಂಗಡಿ ಆಗ್ಬಿಡ್ಲಿ” ಎನ್ನುವರು. ಇಲ್ಲಿ ಬಸ್ಸಿನಲ್ಲಿ ಸೀಟು ಕೇಳುವಾಗಲೂ ಇದೇ ಮಾತು. ಆದರೆ ಬಸ್ಸು ಎಲ್ಲಾದರೂ ನಿಲ್ಲುತ್ತದೆ.

ಅವರ ತಾಯಿ ತಾಯಮ್ಮ ದಿನವೂ ನನ್ನ ಅಂಕಿ ಓದುವರು. “ಐವತ್ತಾರಕ್ಕಿಳ್ದೆ! ಮುದ್ದೆನ ಅಗೀತಾ ಕೂತ್ರೆ ಇನ್ನೇನಾಗುತ್ತೆ? ನುಂಗ್ಬೇಕು ಕಣಮ್ಮ!” ರೊಟ್ಟಿ ಅಗಿದು ಬೆಳೆದ ಹಲ್ಲಿಗೆ ಅದು ಸುಲಭವೇ? ಉಪ್ಸಾರು, ಅಂದರೆ ಬೇಳೆ ಸೊಪ್ಪು ಬೇಯಿಸಿ ಬಸಿದ ಸಾರು, ಅದರಲ್ಲಿ ಅದ್ದಿ ಮೊದಲ ತುತ್ತು ನುಂಗಿದ ದಿನ ತಾಯಮ್ಮ ಚಪ್ಪಾಳೆ ತಟ್ಟಿದರು. ಅಂಕಿ ಮಾತ್ರ ಏರಲಿಲ್ಲ.

ಅಷ್ಟರಲ್ಲಿ ಶಾಂತಾಳ ಫೋನು: “ಅಕ್ಕಾ, ದೀಪಾವಳಿ ಆದಮ್ಯಾಲೆ ಹೊಸ ಬ್ಯಾಚ್ ಐತಿ. ನೀ ಬರಲಿಲ್ಲಂದ್ರ ಕ್ಲಾಸ್ ಮುಚ್ಚಿಬಿಡ್ತೀನಿ ನೋಡು. ನನ್ನೊಬ್ಬಾಕಿ ಕೈಲೆ ಆಗೂದಿಲ್ಲ.”

ಆ ವಾರವೇ ತರಗುಪೇಟೆಯ ಬೇಳೆ ಅಂಗಡಿಯ ಕಂಪ್ಯೂಟರು ಮರಗಟ್ಟಿ ನಿಂತಿತು. “ಮೂಟೆ ಇಳಿಸಿದ್ರೂ ಅಂಕಿ ಅಲ್ಲಾಡ್ತಿಲ್ವಲ್ರೀ! ಹಳೇ ತಕ್ಕಡಿನೇ ವಾಸಿ,” ಎಂದರು ಸಾಹುಕಾರರು. ತೊಗರಿ ಮೂಟೆಗಳ ನಡುವೆ ಕೂತು ಹುಡುಕಿದೆ. ಕೇಬಲ್ ಸಡಿಲವಾಗಿ ಯಂತ್ರದಿಂದ ಸುದ್ದಿ ಬರುತ್ತಿರಲಿಲ್ಲ. ನಾನು ಪರೀಕ್ಷಿಸಿದ್ದ ಲಿನಕ್ಸಿನಲ್ಲಿ ಸುದ್ದಿಯಿಲ್ಲದಿದ್ದರೆ ಕೋಡು ಬರಿಗೈಲಿ ಹಿಂತಿರುಗುತ್ತಿತ್ತು. ಎಲ್ಲ ಕಡೆಯೂ ಹಾಗೆಯೇ ಎಂದು ನಂಬಿದ್ದೆ. ಈ ಅಂಗಡಿಯದು ವಿಂಡೋಸ್. ಎಷ್ಟು ಹೊತ್ತು ಕಾಯಬೇಕೆಂದು ನಾನು ಹೇಳಿರಲಿಲ್ಲವಾದ್ದರಿಂದ ಅದು ಕಾಯುತ್ತಲೇ ಇತ್ತು. ಮೇಲಿನ ಪದರದಲ್ಲೇ ಬರೆದೆ: ಎರಡು ಸೆಕೆಂಡು ಕಾಯಿ, ಆಮೇಲೆ ಸುದ್ದಿಯಿಲ್ಲವೆಂದು ಹೇಳಿ ಬಂದುಬಿಡು.

ವಾಪಸಾದಾಗ ಗಂಗಣ್ಣ ಬಾಗಿಲಲ್ಲೇ, “ಮಾಮೂಲ್‌ಪೇಟೆದೊಂದು ಹೊಸ ಆರ್ಡರ್ ಬಂದೈತೆ ಮೇಡಂ” ಎಂದರು.

“ಎಲ್ಲೀತನಕ ಅಂತ ಹೇಳ್ರಿ,” ಎಂದೆ. “ನೀವು ಹೇಳೂದಿಲ್ಲಂದ್ರ ನಾನ ಹೇಳ್ತೀನಿ. ದೀಪಾವಳಿಗೆ ನಾ ಊರಾಗಿರ್ತೀನಿ.”

ಗಂಗಣ್ಣ ತಲೆ ಕೆರೆದುಕೊಂಡರು. ಒಳಗಿಂದ ತಾಯಮ್ಮ, “ಕಳ್ಸೋ ಅತ್ಲಾಗೆ! ಹೆಣ್ಮಗ ಸೊರಗ್ತಾ ಐತೆ ಅಂತ ನಿನ್ ಯಂತ್ರಾನೇ ದಿನಾ ಹೇಳ್ತಿಲ್ವಾ?”

“ಹಂಗಾದ್ರೆ ನಂಗೆ ಕಲ್ಸಿ ಹೋಗಿ,” ಎಂದರು ಗಂಗಣ್ಣ, ಮೆಲ್ಲಗೆ. ಎರಡೂ ವ್ಯವಸ್ಥೆಗಳ ಅಭ್ಯಾಸಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಟ್ಟೆ. ಅವರು ಶಾಲಾ ಹುಡುಗನಂತೆ ಓದಿ ಒಪ್ಪಿಸಿದರು.

ಈಗ ಗದಗಿನಲ್ಲಿದ್ದೇನೆ. ಬ್ಯಾಚು ಶುರುವಾಗಿದೆ, ಬಯಲೂ ಇದ್ದಲ್ಲೇ ಇದೆ. ಆದರೆ ಹೊಸ್ತಿಲು ದಾಟುವಾಗ ಕಾಲು ಅರೆಗಳಿಗೆ ನಿಲ್ಲುತ್ತದೆ, ಕಣ್ಣು ಗೋಡೆಯತ್ತ ಹೋಗುತ್ತದೆ. “ಏನ್ ನೋಡ್ತಿ ಅಕ್ಕಾ?” ಎಂದು ಶಾಂತಾ ನಗುತ್ತಾಳೆ.

ಮೊನ್ನೆ ತಾಯಮ್ಮ ಫೋನು ಮಾಡಿದ್ದರು. “ಈಗ ಎಷ್ಟಿದೀಯಮ್ಮ?”

“ಗೊತ್ತಿಲ್ರೀ. ಇಲ್ಲಿ ಯಾರೂ ತೂಗೂದಿಲ್ಲ.”

“ಬಂದ್ಬಿಡು, ನೋಡಾನ.”

ಹೂಂ ಎಂದುಬಿಟ್ಟೆ. ಯಾವಾಗ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.